ನನ್ನ ದ್ರಾಕ್ಷಿಗೆ ಅವನ ತೀರ್ಪು

ಬಾಯಿಗೆ ಏನು ಬಿದ್ದರೂ ಮೊದಲು ಅವನ ಎಡಗಣ್ಣು ಮುಚ್ಚಿಕೊಳ್ಳುತ್ತಿತ್ತು. ಆಮೇಲೆ ದವಡೆ ನಿಧಾನವಾಗಿ ಒಂದು ಸುತ್ತು ಹಾಕುತ್ತಿತ್ತು. ಅಷ್ಟು ಹೊತ್ತೂ ನಮ್ಮೂರು ದಿಗ್ಗೇವಾಡಿಯ ಮದುವೆಮನೆಗಳ ಅಡುಗೆಯವರು ಸೌಟು ಹಿಡಿದು, ಕಟಕಟೆಯಲ್ಲಿ ನಿಂತ ಆರೋಪಿಗಳಂತೆ ಅವನ ಮುಖ ನೋಡುತ್ತಿದ್ದರು. "ಉಪ್ಪು ಕಡಿಮಿ" ಎಂದರೆ ಕಡಿಮೆಯೇ. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಅವನು ನನ್ನ ಬಾಲ್ಯದ ಗೆಳೆಯ. ಅವನ ಕಬ್ಬು, ನನ್ನ ದ್ರಾಕ್ಷಿ, ನಡುವೆ ಒಂದೇ ಒಡ್ಡು. ನನ್ನ ಮಗಳ ನಿಶ್ಚಯದ ದಿನ ಭೋಜ ಗ್ರಾಮದಿಂದ ಬಂದ ಬೀಗರ ಮುಂದೆ ನನ್ನ ತೋಟದ ದ್ರಾಕ್ಷಿಯನ್ನು ತಟ್ಟೆ ತುಂಬ ಇಟ್ಟು, ಅದರ ಗುಣಗಾನದಲ್ಲಿ ತೊಡಗಿದ್ದೆ. ಇವನೂ ಒಂದು ಹಣ್ಣು ಬಾಯಿಗೆ ಹಾಕಿಕೊಂಡ. ಎಡಗಣ್ಣು ಮುಚ್ಚಿತು.

"ಹುಳಿ ಅದಾವಲೇ."

ಹಿತ್ತಲಿಗೆ ಎಳೆದೊಯ್ದು, "ಬೀಗರ ಮುಂದ ಹಿಂಗ ಅನ್ನೂದೇನಲೇ?" ಎಂದು ಜಬರಿಸಿದೆ.

"ಬೀಗರು ನಿನಗ. ನನ್ನ ನಾಲಿಗಿಗೆ ಏನಾಗಬೇಕು?"

ಮಗಳ ಮದುವೆ ಸಾಂಗವಾಗಿ ನಡೆಯಿತು. ಮುರಿದದ್ದು ನಮ್ಮಿಬ್ಬರ ಸಂಬಂಧ. ಆಮೇಲೆ ವರ್ಷಗಟ್ಟಲೆ, ಒಡ್ಡಿನ ಮೇಲೆ ಎದುರಾದಾಗಲೆಲ್ಲ ಇಬ್ಬರೂ ಆಕಾಶ ನೋಡಿ ಮೋಡ ಹುಡುಕುತ್ತಿದ್ದೆವು. ಸುಡು ಬೇಸಿಗೆಯಲ್ಲೂ.

ಹೋದ ವರ್ಷ ಅವನಿಗೆ ಗಂಟಲಿನ ಕ್ಯಾನ್ಸರ್ ಎಂದರು. ಮಿರಜಿನ ಆಸ್ಪತ್ರೆಯಲ್ಲಿ ಕರೆಂಟ್, ಅಂದರೆ ರೇಡಿಯೇಶನ್, ಕೊಡಿಸಿ ಮನೆಗೆ ಕರೆತಂದರು. ಬರಿಗೈಯಲ್ಲಿ ಹೋಗುವ ಧೈರ್ಯವಾಗದೆ ಒಂದು ಬುಟ್ಟಿ ದ್ರಾಕ್ಷಿ ಹಿಡಿದು ಹೋದೆ. ಹೊಸ್ತಿಲಲ್ಲೇ ಅವನ ಹೆಂಡತಿ ದನಿ ತಗ್ಗಿಸಿದಳು.

"ಬರ್ರಿ ಅಣ್ಣಾರ. ದಿನಾ ನಿಮ್ಮ ದಾರಿ ನೋಡ್ತಾರ. ಖರೇ, ಹಣ್ಣು ತಂದು ಏನ್ ಮಾಡೂದ್ರಿ? ಕರೆಂಟ್ ಕೊಟ್ಟಮ್ಯಾಲ ನಾಲಿಗಿ ಸತ್ತೈತಿ. ಉಪ್ಪೂ ಮಣ್ಣ, ಸಕ್ರಿನೂ ಮಣ್ಣ ಅಂತಾರ."

ಒಳಗೆ, ಕೌದಿಯ ಅಡಿ ಮನುಷ್ಯನಿದ್ದಾನೆಂದು ಹೇಳುವಂತಿರಲಿಲ್ಲ. ದನಿ ಮಾತ್ರ ಬಂತು, ಗರಗರ ಎಂದು:

"ಬಂದೇನಲೇ? ಮೋಡ ಸಿಕ್ಕೂ ಇಲ್ಲೋ?"

ಬುಟ್ಟಿಯನ್ನು ಅವನ ಪಕ್ಕ ಇಟ್ಟೆ. ಅವನೇ ಬುಟ್ಟಿಗೆ ಕೈ ಚಾಚಿದ. ಒಂದು ಹಣ್ಣು ಬಾಯಿಗೆ ಹೋಯಿತು. ಎಡಗಣ್ಣು ಮುಚ್ಚಿತು. ದವಡೆ ಸುತ್ತು ಹಾಕಿತು. ಈ ವಯಸ್ಸಿನಲ್ಲಿ ನಾನು ಮತ್ತೆ ಕಟಕಟೆಯಲ್ಲಿ ನಿಂತಿದ್ದೆ. ರಸ ನುಂಗುವಾಗ ಅವನ ಕತ್ತಿನ ನರಗಳೆಲ್ಲ ಬಿಗಿದುಕೊಂಡವು.

"ಸಕ್ರಿ ಆಗ್ಯಾವಲೇ ಈ ಸಲ."

ಬಾಗಿಲಲ್ಲಿದ್ದ ಅವನ ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ಅಡುಗೆಮನೆಗೆ ಹೋದಳು.

ಶಿವರಾತ್ರಿಗೆ ಮೊದಲೇ ಹೋಗಿಬಿಟ್ಟ. ಮಣ್ಣು ಕೊಟ್ಟು ಬಂದವನು ಮನೆಗೆ ಹೋಗದೆ ತೋಟಕ್ಕೆ ನಡೆದೆ. ಒಡ್ಡಿನ ಪಕ್ಕದ ಬಳ್ಳಿಯಿಂದ ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡೆ. ಹುಳಿ.

"ಸುಳ್ಳ ಹೇಳಿದೆಲ್ಲಲೇ" ಎಂದೆ, ಅವನ ಕಬ್ಬಿನ ಕಡೆ ತಿರುಗಿ, ಗಟ್ಟಿಯಾಗಿಯೇ.