ಎಮ್ಮೆ ತೆಳ್ಳಗಾದದ್ದು ಯಾರಿಂದ?

ಹೋದ ತಿಂಗಳು ನಾಲ್ಕು ಜನರ ಎದುರಿಗೆ ನನ್ನ ಮೇಲೊಂದು ಆರೋಪ ಬಂತು. ನಾನು ಒಂದು ಎಮ್ಮೆಯನ್ನು ತೆಳ್ಳಗೆ ಮಾಡಿಬಿಟ್ಟೆನಂತೆ!

ಮೇವು ಕದ್ದಲ್ಲ, ಹಾಲು ಹಿಂಡಿಯೂ ಅಲ್ಲ. ಬೀದರಿನ ನಮ್ಮ ಮನೆಯ ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಚಹಾ ಕುಡಿಯುತ್ತ. (ಇಷ್ಟು ವರ್ಷ ಬೆಳಗಿನ ವಾಕಿಂಗ್ ಮಾಡಿಯೂ ನನ್ನನ್ನು ನಾನು ತೆಳ್ಳಗೆ ಮಾಡಿಕೊಳ್ಳಲು ಆಗಿಲ್ಲ. ಎಮ್ಮೆಯನ್ನು ಮಾಡಿದೆನೆಂದರೆ ಯಾರಾದರೂ ನಂಬುತ್ತಾರಾ?)

ಮೊದಲಿನಿಂದ ಹೇಳುತ್ತೇನೆ.

ಮಳೆ ಕೈಕೊಟ್ಟು ಇದು ಎರಡನೆಯ ವರ್ಷ. ಭಾಲ್ಕಿ, ಔರಾದ್ ಕಡೆಯ ಊರುಗಳಿಂದ ಜನ ಪುಣೆ, ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ. ಬಸ್ಸಿನಲ್ಲಿ ಮಕ್ಕಳನ್ನು ಒಯ್ಯಬಹುದು, ಪಾತ್ರೆ ಒಯ್ಯಬಹುದು, ಜೋಳದ ಚೀಲ ಒಯ್ಯಬಹುದು. ಎಮ್ಮೆಗೆ ಟಿಕೆಟ್ ಹರಿಯುವ ಕಂಡಕ್ಟರ್ ಇನ್ನೂ ಹುಟ್ಟಿಲ್ಲ. ಹಾಗಾಗಿ ಔರಾದ್ ರಸ್ತೆಯ ಒಂದು ಗೋಶಾಲೆಯಲ್ಲಿ ದನ ಬಿಟ್ಟು ಹೋದರು. ದಾನಿಗಳು ಕೊಟ್ಟ ಮೇವು, ಟ್ಯಾಂಕರಿನ ನೀರು. ಅಲ್ಲಿನ ಅಧ್ಯಕ್ಷರನ್ನು ವೈಜಿನಾಥಪ್ಪ ಎಂದು ಕರೆಯೋಣ. (ಹೆಸರು ಬದಲಿಸಿದ್ದೇನೆ. ಮೀಸೆಯ ಬಗ್ಗೆ ಬರೆದರೆ ಗುರುತು ಸಿಗುತ್ತದೆ, ಆದ್ದರಿಂದ ಬರೆಯುವುದಿಲ್ಲ.)

ದಾನಿಗಳಿಗೆ ತೋರಿಸಲಿಕ್ಕೆಂದು ಗೋಶಾಲೆಗೆ ಒಂದು ವೆಬ್‌ಸೈಟ್ ಆಯಿತು. ಒಂದೊಂದು ದನಕ್ಕೂ ಒಂದು ಪುಟ, ವಾರಕ್ಕೊಂದು ಹೊಸ ಫೋಟೋ. ಅರ್ಧಕ್ಕರ್ಧ ಎಮ್ಮೆಗಳೇ ಇದ್ದರೂ ಹೆಸರು ಗೋಶಾಲೆ. ಎಮ್ಮೆಗಳೇನೂ ತಕರಾರು ಮಾಡಲಿಲ್ಲ. ಫೋಟೋ ತೆಗೆಯುವವರು ಬೀದರಿನಲ್ಲಿ ಸ್ಟುಡಿಯೋ ಇಟ್ಟಿರುವ ಜಲೀಲ್ ಭಾಯಿ. ಬರಗಾಲದಲ್ಲಿ ಮದುವೆಗಳು ಕಡಿಮೆ, ಮದುವೆಯ ಕ್ಯಾಮೆರಾ ಸುಮ್ಮನೆ ಕೂತಿತ್ತು. ಎಮ್ಮೆಯನ್ನೂ ಅವರು ಮದುಮಗಳ ಹಾಗೆಯೇ ತೆಗೆದರು. ಲೈಟಿಂಗ್ ಏನು, ಆಂಗಲ್ ಏನು!

ಒಂದೇ ತೊಂದರೆ. ಆ ವೆಬ್‌ಸೈಟ್ ತೆರೆಯುತ್ತಿರಲಿಲ್ಲ.

ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಆ ಒಂದು ಕಾರಣಕ್ಕೆ ಊರಿನ ಪ್ರಿಂಟರು, ಟಿವಿ, ಒಮ್ಮೊಮ್ಮೆ ಮಿಕ್ಸರೂ ನನ್ನ ಬಳಿ ಬರುತ್ತವೆ. ಜಲೀಲ್ ಭಾಯಿಯೂ ಬಂದರು.

"ಮೇಡಂ, ಪುಣೆಯಿಂದ ಒಬ್ಬಾಕಿ ಹೆಣ್ಮಗಳು ದಿನಾ ಫೋನ್ ಮಾಡ್ತಾಳ್ರಿ. ಎಮ್ಮಿ ಕಾಣವಲ್ದು ಅಂತಾಳ. ನೀವೇ ಮಾತಾಡ್ರಿ" ಎಂದು ಫೋನ್ ಹಚ್ಚಿ ನನ್ನ ಕೈಗಿತ್ತರು.

ಆ ಕಡೆ ಇದ್ದವಳು ಗಂಗೂಬಾಯಿ. ಭಾಲ್ಕಿ ಕಡೆಯ ಮೆಹಕರದವಳು. ಪುಣೆಯಲ್ಲಿ ಗಂಡನ ಜೊತೆ ಇಟ್ಟಿಗೆ ಹೊರುತ್ತಾಳೆ. ಹಣೆಯ ಮೇಲೆ ಬಿಳಿ ಮಚ್ಚೆ ಇರುವ ಎಮ್ಮೆ ಅವಳದು, ಹೆಸರು ಚಂದ್ರಿ. ಬಿಟ್ಟು ಹೋಗುವಾಗ ಗಬ್ಬವಾಗಿತ್ತು.

"ಮೇಡಂರಿ, ನಮ್ಮ ಚಂದ್ರಿ ಕೊಂಬಿನ ತನಾ ಬರ್ತಾಳ್ರಿ, ಆಮ್ಯಾಲ ನಿಂತೇ ಬಿಡ್ತಾಳ. ಹೋದ ವಾರ ಒಂದ್ ಕಣ್ಣು ಬಂದಿತ್ತು. ಅಷ್ಟರಾಗ ನೆಟ್ ಪ್ಯಾಕ್ ಖಲಾಸ್."

ನಗು ಬಂತು. ನಕ್ಕ ಮೇಲೆ ಪಾಪ ಅನ್ನಿಸಿತು. ದುಡಿದು ಬಂದು ಮಾರಿ ತೊಳೆದುಕೊಂಡು ಫೋನ್ ಹಿಡಿದರೆ ಬರುವುದು ಬರೀ ಕೊಂಬು!

ಕಾರಣ ದೊಡ್ಡದೇನಲ್ಲ. ಕ್ಯಾಮೆರಾದಿಂದ ಬಂದ ಫೋಟೋಗಳನ್ನು ಇದ್ದ ಹಾಗೆಯೇ ಸೈಟಿಗೆ ಹಾಕಿದ್ದರು. ಒಂದೊಂದೂ ಮದುವೆ ಮಂಟಪದ ಬ್ಯಾನರ್ ಮಾಡಿಸುವಷ್ಟು ದೊಡ್ಡದು. ನೋಡುವ ಫೋನಿನ ಪರದೆ ಅಂಗೈಯಷ್ಟು. ಬಿಂದಿಗೆ ಬಾಯಿಗೆ ಹುಣಸೆಮರ ತುರುಕಿದ ಹಾಗೆ.

ಫೋಟೋಗಳನ್ನು ಮೊದಲು ಫೋನಿಗೆ ಸರಿಹೋಗುವ ಅಳತೆಗೆ ಇಳಿಸಿದೆ. ಆಮೇಲೆ ಕಂಪ್ರೆಸ್ ಮಾಡಿದೆ. ಕಂಪ್ರೆಸ್ ಎಂದರೆ ಕಣ್ಣಿಗೆ ಗೊತ್ತಾಗದ ಸಣ್ಣಪುಟ್ಟ ವಿವರಗಳನ್ನು ಬಿಟ್ಟು, ಫೈಲನ್ನು ಹಗುರ ಮಾಡುವುದು. ಜಾಸ್ತಿ ಒತ್ತಿದರೆ ಚಿತ್ರ ಕಲಸಿಹೋಗುತ್ತದೆ, ಕಡಿಮೆ ಒತ್ತಿದರೆ ಭಾರ ಉಳಿಯುತ್ತದೆ. ಪ್ರತಿ ಸಲ ಒತ್ತಿ, ಮನೆಯಲ್ಲಿದ್ದ ಅತಿ ಹಳೆಯ ಫೋನಿನಲ್ಲಿ ತೆರೆದು ನೋಡಿದೆ. ಪುಟದಲ್ಲಿ ಎಲ್ಲ ಚಿತ್ರವೂ ಒಟ್ಟಿಗೆ ನುಗ್ಗದೆ, ಬೆರಳು ಸರಿಸಿದ ಹಾಗೆ ಒಂದೊಂದೇ ಬರುವಂತೆ ಮಾಡಿದೆ. ಎಮ್ಮೆಗಳು ಬಹಳ ಸಹಕರಿಸಿದವು. ಮೈತುಂಬ ಒಂದೇ ಬಣ್ಣ ಇದ್ದರೆ ಫೈಲು ಬೇಗ ಹಗುರಾಗುತ್ತದೆ. ಮನುಷ್ಯರು, ಅದರಲ್ಲೂ ಜರಿ ಪೇಟ ಸುತ್ತಿಕೊಂಡವರು, ಸಹಕರಿಸುವುದಿಲ್ಲ.

ಇಡೀ ಸೈಟಿನಲ್ಲಿ ಅತಿ ಭಾರದ ಫೋಟೋ ಯಾವುದಿತ್ತು ಹೇಳಿ? ಮೊದಲ ಪುಟದ್ದು. ಜರಿ ಪೇಟದ ವೈಜಿನಾಥಪ್ಪನವರು, ಎರಡೂ ಕಡೆ ಅವರ ಸ್ವಂತ ಎತ್ತುಗಳು.

ಮುಟ್ಟುವ ಮೊದಲು ಒಂದು ಮಾತು ಕೇಳೋಣ ಎಂದು ಅವರಿಗೆ ಫೋನ್ ಮಾಡಿದೆ.

"ಫೋಟೋ ಸಣ್ಣ ಮಾಡಿದ್ರ ನಾ ಸಣ್ಣ ಕಾಣ್ತೇನೇನ್ರಿ ಮೇಡಂ?"

"ಇಲ್ರಿ. ಇದ್ದಷ್ಟೇ ಕಾಣ್ತೀರಿ. ಲಗೂನ ಕಾಣ್ತೀರಿ."

"ಹಂಗಾದ್ರ ಮಾಡ್ರಿ, ಮಾಡ್ರಿ" ಎಂದು ಖುಷಿಪಟ್ಟರು.

ಹೊಸ ಫೋಟೋಗಳನ್ನು ಏರಿಸಿದ ಸಂಜೆಯೇ ಗಂಗೂಬಾಯಿಯ ಫೋನ್.

"ಬಂದ್ಳ್ರಿ ಮೇಡಂ! ಬಾಲದ ತನಾ ಬಂದ್ಳು! ಹಣಿ ಮ್ಯಾಲಿನ ಬಿಳಿದೂ ಕಾಣ್ತದ್ರಿ!"

ಹಿಂದೆ ಬೇರೆ ಹೆಂಗಸರ ದನಿ. ಯಾರೋ ತಮ್ಮ ಹೋರಿಯನ್ನು ಹೆಸರು ಹಿಡಿದು ಕರೆಯುತ್ತಿದ್ದರು, ಫೋನಿನೊಳಗೇ. ನನಗೆ ಎರಡು ಕೊಂಬು ಮೂಡಿದಷ್ಟು ಹೆಮ್ಮೆ. ಆಮೇಲೆ ಗಂಗೂಬಾಯಿ ಮತ್ತೆ ಫೋನಿಗೆ ಬಂದಳು.

"ಮೇಡಂರಿ... ಮೊದಲಿನ ಫೋಟೋದಾಗ ಮೈ ತುಂಬಿ ಇದ್ದಾಳ. ಈ ವಾರದ್ದರಾಗ ಎಲುಬು ಕಾಣ್ಲಿಕತ್ಯಾವಲ್ರಿ. ಗಬ್ಬದ ಎಮ್ಮಿರಿ ಅದು."

ಲ್ಯಾಪ್‌ಟಾಪ್ ತೆರೆದು ನೋಡಿದೆ. ಹೌದು. ಚಂದ್ರಿಯಷ್ಟೇ ಅಲ್ಲ, ಆ ಸಾಲಿನ ಎಲ್ಲ ದನಗಳೂ ವಾರದಿಂದ ವಾರಕ್ಕೆ ಇಳಿದಿದ್ದವು. ಆ ಫೋಟೋಗಳನ್ನೆಲ್ಲ ನಾನೇ ಒಂದೊಂದಾಗಿ ತೆರೆದು ಮುಚ್ಚಿದ್ದೆ. ಆದರೆ ನಾನು ನೋಡುತ್ತಿದ್ದದ್ದು ಫೈಲಿನ ತೂಕ. ಅವಳು ನೋಡಿದ್ದು ಎಮ್ಮೆಯದು.

"ಮೊದಲನೇ ಪುಟ ನೋಡ್ರಿ ಮೇಡಂ" ಎಂದಳು. "ಅಧ್ಯಕ್ಷರ ಎತ್ತು ಹ್ಯಾಂಗ ಮಿಂಚ್ಲಿಕತ್ಯಾವ!"

ಎತ್ತುಗಳು ಮಿಂಚುತ್ತಿದ್ದವು. ಅವುಗಳ ಹಿಂದೆ ಹಸಿರು ಮೇವಿನ ರಾಶಿಯೂ ಇತ್ತು.

ಎರಡು ದಿನ ಬಿಟ್ಟು ವೈಜಿನಾಥಪ್ಪನವರ ಫೋನ್. ಪುಣೆಯಿಂದ, ಹೈದರಾಬಾದಿನಿಂದ ಅವರಿಗೆ ಕರೆಯ ಮೇಲೆ ಕರೆ ಹೋಗಿತ್ತು.

"ಮೇಡಂ, ಆ ಸೈಟ್ ಮೊದಲಿನಂಗ ಭಾರ ಮಾಡಿಕೊಡ್ರಿ."

"ಭಾರ? ಯಾಕ್ರಿ?"

"ಕ್ವಾಲಿಟಿ ಹೋಗ್ಯಾದ್ರಿ. ದಾನಿಗಳಿಗೆ ಕ್ವಾಲಿಟಿ ಬೇಕಾಗ್ತದ."

ಒಮ್ಮೆ ಕಂಪ್ರೆಸ್ ಮಾಡಿದ ಫೋಟೋ ಮತ್ತೆ ಉಬ್ಬುವುದಿಲ್ಲ ಎಂದೆ. ಇದು ಸತ್ಯ. ಹಾಗಾದರೆ ಮೊದಲಿನವನ್ನೇ ಹಾಕಿಸುತ್ತೇನೆಂದು ಅವರು ಜಲೀಲ್ ಭಾಯಿಯನ್ನು ಕೇಳಿದರು. ಜಲೀಲ್ ಭಾಯಿ ಎರಡೂ ಕೈ ಮೇಲೆತ್ತಿ, "ಕಾರ್ಡ್ ಫಾರ್ಮ್ಯಾಟ್ ಹೋಗಯಾ ಸಾಬ್, ಅಬ್ ಕ್ಯಾ ಕರ್ನಾ" ಅಂದರಂತೆ, ಕ್ಯಾಮೆರಾದ ಕಾರ್ಡೇ ಅಳಿಸಿಹೋದ ಹಾಗೆ. ಮೂಲ ಫೋಟೋಗಳೆಲ್ಲ ನನ್ನ ಪೆನ್‌ಡ್ರೈವಿನಲ್ಲಿದ್ದವು. ನನ್ನನ್ನು ಯಾರೂ ಕೇಳಲಿಲ್ಲ. ಕೇಳದೆ ಹೇಳುವುದು ನನ್ನ ಸ್ವಭಾವವಲ್ಲ. (ನಮ್ಮ ಮನೆಯವರು ಈ ಸಾಲು ಓದಿ ಕೆಮ್ಮುತ್ತಿದ್ದಾರೆ.)

ಭಾನುವಾರ ಗಂಗೂಬಾಯಿ ಬಸ್ಸಿಳಿದು ನೇರ ಗೋಶಾಲೆಗೇ ಬಂದಳು, ಜೊತೆಗೆ ಅಕ್ಕಪಕ್ಕದ ಊರಿನ ಮೂವರು ಹೆಂಗಸರು. ಸುದ್ದಿ ಕೇಳಿ ನಾನೂ ಜಲೀಲ್ ಭಾಯಿಯೂ ಹೋದೆವು. ವೈಜಿನಾಥಪ್ಪನವರು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಗಂಗೂಬಾಯಿ ಫೋನ್ ತೋರಿಸಿದಳು. ಅವರು ಸ್ವಲ್ಪವೂ ಅಳುಕಲಿಲ್ಲ.

"ತಂಗೀ, ಈ ಫೋಟೋ ಕಂಪ್ರೆಸ್ ಮಾಡ್ಯಾರವ್ವಾ. ಕಂಪ್ರೆಸ್ ಅಂದ್ರ ಒತ್ತೋದು. ಒತ್ತಿದ್ರ ಎಲುಬು ಕಾಣೂದಿಲ್ಲೇನು? ಬೇಕಾದ್ರ ಇವ್ರನ್ನೇ ಕೇಳು" ಎಂದು ನನ್ನ ಕಡೆ ಕೈ ತೋರಿಸಿದರು.

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಮೂವತ್ತು ಜನರ ಕ್ಲಾಸಿನಲ್ಲಿ ಯಾವುದೇ ಪ್ರಶ್ನೆಗೆ ಹೆದರದವಳು ನಾನು. ಅಲ್ಲಿ ಮಾತ್ರ ಯೋಚನೆಗೆ ಬಿದ್ದೆ. ಪಿಕ್ಸೆಲ್ ಎಂದರೇನು ಎಂಬಲ್ಲಿಂದ ಶುರು ಮಾಡಲಾ? ನಾನು ಬಾಯಿ ತೆರೆಯುವ ಮೊದಲೇ ಗಂಗೂಬಾಯಿ ಕೇಳಿದಳು.

"ಕಾಕಾ, ಅದೇ ಮೇಡಂ ನಿಮ್ಮ ಎತ್ತನ್ನೂ ಒತ್ಯಾರಲ್ರಿ. ಅವ್ಯಾಕ ಹಂಗೇ ಅವ?"

ಉತ್ತರಕ್ಕೆ ಕಾಯಲಿಲ್ಲ. ದನಗಳ ಸಾಲಿಗೆ ನಡೆದಳು. ಚಂದ್ರಿ ಅವಳ ದನಿ ಕೇಳಿ ಕಿವಿ ನಿಮಿರಿಸಿ ಹಗ್ಗ ಜಗ್ಗಿತು. ಗಂಗೂಬಾಯಿ ಎಮ್ಮೆಯ ಪಕ್ಕೆಯ ಮೇಲೆ ಕೈಯಿಟ್ಟಳು. ಬೆರಳುಗಳು ಎಲುಬಿನ ಸಂದಿಯಲ್ಲಿ ಕೂತವು.

"ಇದನ್ನೂ ಮೇಡಂ ಒತ್ಯಾರೇನ್ರಿ?"

ಅಷ್ಟೇ. ಕೂಗಲಿಲ್ಲ, ಅಳಲಿಲ್ಲ. ನಾನು ಅತ್ತೆ, ಅದು ಬೇರೆ ವಿಷಯ.

ಉಳಿದ ಹೆಂಗಸರು ಅಷ್ಟರಲ್ಲಿ ಹಿಂದಿನ ಶೆಡ್ಡಿನ ಬಾಗಿಲು ತೆಗೆದಿದ್ದರು. ದಾನಿಗಳು ಕಳಿಸಿದ ಹಸಿರು ಮೇವು ಅಲ್ಲಿತ್ತು, ಪಕ್ಕದಲ್ಲೇ ಆ ಎರಡು ಎತ್ತುಗಳು. "ಆಳು ಮಕ್ಕಳು ತಪ್ಪು ಮಾಡ್ಯಾರ" ಎಂದರು ವೈಜಿನಾಥಪ್ಪ. ಜಲೀಲ್ ಭಾಯಿ ಶೆಡ್ಡಿನ ಬಾಗಿಲಿಗೆ ಹೋದರು. ಕ್ಯಾಮೆರಾ ತೆಗೆದರು.

ಅಧ್ಯಕ್ಷರು ಬದಲಾದರಾ? ಛೆ, ಎಮ್ಮೆಯ ಎಲುಬು ಕಂಡಿತೆಂದು ನಮ್ಮಲ್ಲಿ ಯಾರ ಕುರ್ಚಿ ಹೋಗಿದೆ? ಆದರೆ ಎತ್ತುಗಳು ಅವರ ಮನೆಗೆ ಹೋದವು. ಈಗ ಬೆಳಿಗ್ಗೆ ಎಲ್ಲರ ಎದುರಿಗೇ ಮೇವು ಹಂಚುತ್ತಾರೆ, ಹಂಚಿದ ಫೋಟೋ ಆಗಿಂದಾಗಲೇ ಸೈಟಿಗೆ ಏರುತ್ತದೆ. ಗಂಗೂಬಾಯಿ ಪುಣೆಗೆ ಹೋಗದೆ ಇಲ್ಲೇ ಉಳಿದಳು. ಗಂಡ ಅಲ್ಲಿ ಒಬ್ಬನೇ ರೊಟ್ಟಿ ಸುಟ್ಟುಕೊಳ್ಳುತ್ತಿದ್ದಾನೆ. ಹೋದ ವಾರ ಚಂದ್ರಿ ಕರು ಹಾಕಿತು. ಹೆಣ್ಣು ಕರು, ಬಡಕಲು, ಆದರೆ ಎದ್ದು ನಿಂತು ಹಾಲು ಕುಡಿಯಿತು. ಅದರ ಫೋಟೋವನ್ನು ನಾನೇ ಹಗುರ ಮಾಡಿ ಹಾಕಿದೆ. ಪುಣೆಯಲ್ಲಿ ಅದು ಕಾಲಿನ ತನಕ ತೆರೆಯಿತೆಂದು ಅಪ್ಪನಾದವನಷ್ಟೇ ಖುಷಿಯಿಂದ ಗಂಗೂಬಾಯಿಯ ಗಂಡ ಫೋನ್ ಮಾಡಿದ್ದ.

ಈಚೆಗೆ ಯಾವುದಾದರೂ ಕಚೇರಿಯ ವೆಬ್‌ಸೈಟ್ ತೆರೆಯದೆ ಗಿರಗಿರ ತಿರುಗುತ್ತ ಕೂತರೆ ನಾನು ನೆಟ್‌ವರ್ಕಿಗೆ ಬೈಯುವುದನ್ನು ಬಿಟ್ಟಿದ್ದೇನೆ. ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ.

ಇದು ತೆರೆದರೆ ಯಾರಿಗೆ ಕಷ್ಟ?