ಕಿತ್ತು ಹಾಕಬೇಕೆಂದಿದ್ದ ಕಬ್ಬಿಣದ ಕಾಲು

ನಾನು ಇಂಜಿನಿಯರ್ ಆಗುವುದು ಆಗದ ಮಾತು ಅಂದವರು ನಮ್ಮ ಎಸ್ಟೇಟಿನ ಲೆಕ್ಕ ಬರೆಯುವ ರೈಟರು. ಸಮುದ್ರದ ನಡುವಿನ ಆ ಮುದಿ ಎಣ್ಣೆ ಪ್ಲಾಟ್‌ಫಾರ್ಮ್ ಇನ್ನೂ ಕೆಲವು ವರ್ಷ ನಿಲ್ಲುವುದು ಆಗದ ಮಾತು ಅಂದವನು ನಾನು. ಇಬ್ಬರೂ ಅಷ್ಟೇ ಖಾತ್ರಿಯಿಂದ ಹೇಳಿದ್ದೆವು.

ರೈಟರದ್ದು ಮೊದಲು ಹೇಳಿ ಮುಗಿಸುತ್ತೇನೆ. ಅತ್ತಿಗುಂಡಿಯ ಕೆಳಗೊಂದು ಕಾಫಿ ತೋಟದಲ್ಲಿ, ಕೂಲಿಯವರ ಲೈನ್ ಮನೆಯಲ್ಲಿ ನಾವಿದ್ದೆವು. ನನಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತೆಂದು ಅವ್ವ ಹೇಳಿದಾಗ ಅವರು ನಕ್ಕುಬಿಟ್ಟರು. "ಆಗೋ ಮಾತಾಡು ಮಾರಾಯ್ತಿ. ಹಣ್ಣು ಸುಲಿಯೋ ಪಲ್ಪರ್ ಮಿಷನ್ ಹತ್ರ ಒಂದು ಕೆಲಸ ಕೊಡಿಸ್ತೀನಿ, ನಾಳೆ ಕಳಿಸು."

"ನೀವು ಹೇಳೋದೂ ಸರೀನೇ ಅಯ್ಯಾ," ಅಂದಳು ಅವ್ವ, "ಆದ್ರೆ ಅವ್ನು ಬೆಳಿಗ್ಗೇನೇ ಬಸ್ ಹತ್ತಿ ಹೋಗಾಯ್ತು."

ಓದಿದೆ, ನಡುವೆ ಫೇಲಾದೆ, ಮತ್ತೆ ಓದಿದೆ. ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಇದನ್ನು ಎಲ್ಲಿ ಬೇಕಾದರೂ ಹೇಳಿಕೊಳ್ಳುತ್ತೇನೆ, ಸಂಕೋಚವಿಲ್ಲ. ಕೊನೆಗೆ ಮುಂಬೈ ದಡದಾಚೆ ಕಡಲಿನಲ್ಲಿ ಎಣ್ಣೆ ತೆಗೆಯುವ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು.

ಹೆಲಿಕಾಪ್ಟರ್ ನನ್ನನ್ನು ಆ ಮುದಿ ಪ್ಲಾಟ್‌ಫಾರ್ಮಿನ ಮೇಲೆ ಇಳಿಸಿತು. ಮಂಗಳೂರು ಕಡೆಯ ನಮ್ಮ ಹಿರಿಯ ಇಂಜಿನಿಯರ್ ಎಣ್ಣೆ ಬಾವಿಯಿಂದ ಆಗತಾನೆ ತುಂಬಿಸಿದ ಬಾಟಲಿಯನ್ನು ನನ್ನ ಮುಖದ ಮುಂದೆ ಹಿಡಿದರು. ಬರೀ ಬಗ್ಗಡ ನೀರು, ಮೇಲೆ ತೆಳ್ಳಗೆ ಒಂದು ಕಪ್ಪು ಗೆರೆ.

"ಎಣ್ಣೆ ಎಲ್ಲಿ ಸರ್?"

"ಆ ಗೆರೆಯೇ ಎಣ್ಣೆ ಮಾರಾಯ. ಉಳಿದದ್ದು ನಾವೇ ಕೆಳಗೆ ನೂಕಿದ ನೀರು. ನೀರು ನೂಕದಿದ್ದರೆ ಅಷ್ಟೂ ಬರುವುದಿಲ್ಲ."

ಊಟಕ್ಕೆ ಕೂತಾಗ ಇನ್ನೊಂದು ತಿಳಿಯಿತು. ಈ ಪ್ಲಾಟ್‌ಫಾರ್ಮನ್ನು ಕಟ್ಟಿದವರು ಅದಕ್ಕೆ ಬರೆದಿಟ್ಟ ಆಯುಷ್ಯ ನಾನು ಶಾಲೆಗೆ ಸೇರುವ ಮೊದಲೇ ಮುಗಿದಿತ್ತು! ನನ್ನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಸುತ್ತಲಿದ್ದವರು ಮಾತ್ರ ಸಾರಿಗೆ ಉಪ್ಪು ಕಮ್ಮಿ ಎಂದು ಅಡಿಗೆಯವನನ್ನು ರೇಗಿಸುತ್ತಿದ್ದರು.

ನನ್ನನ್ನು ಕರೆಸಿದ್ದೇ ಅದು ಇನ್ನೂ ನಿಲ್ಲುತ್ತದಾ ಎಂದು ನೋಡುವುದಕ್ಕೆ. ನೀರೊಳಗೆ ಅದನ್ನು ಹೊತ್ತ ಕಬ್ಬಿಣದ ಕಾಲುಗಳು ಗಟ್ಟಿಯಿವೆ ಎಂದು ಪರೀಕ್ಷೆಯಲ್ಲಿ ರುಜುವಾತಾದರೆ ಪ್ಲಾಟ್‌ಫಾರ್ಮಿಗೆ ಮತ್ತೆ ಕೆಲವು ವರ್ಷದ ಸರ್ಟಿಫಿಕೇಟು. ಇಲ್ಲವಾದರೆ ಬಾವಿಗಳಿಗೆಲ್ಲ ಸಿಮೆಂಟ್ ತುಂಬಿ ಮುಚ್ಚುತ್ತಾರೆ. ಕೆಳಗೆ ಉಳಿದ ಎಣ್ಣೆ ಅಲ್ಲೇ ಉಳಿಯುತ್ತದೆ, ಅದಕ್ಕಾಗಿ ಹೊಸ ಪ್ಲಾಟ್‌ಫಾರ್ಮ್ ಯಾರೂ ಕಟ್ಟುವುದಿಲ್ಲ. ಆ ಅಡಿಗೆಯವನಿಂದ ಹಿಡಿದು ಎಲ್ಲರೂ ಬೇರೆ ಕೆಲಸ ಹುಡುಕಬೇಕು.

ಡೈವರ್‌ಗಳು ನೀರಿಗಿಳಿದರು. ನಾವು ಮೇಲೆ ಅವರ ಹಡಗಿನಲ್ಲಿ ಕ್ಯಾಮೆರಾ ಪರದೆಯ ಮುಂದೆ ಕೂತೆವು. ಕಬ್ಬಿಣದ ಕಾಲಿನ ತುಂಬ ಚಿಪ್ಪು, ಪಾಚಿ. ಡೈವರ್ ಜೋರು ನೀರು ಹಾಯಿಸಿ ಅದನ್ನೆಲ್ಲ ಕಿತ್ತ. ಕಾಲಿಂದ ಕಾಲಿಗೆ ಬಿಗಿದ ಅಡ್ಡಕೊಳವೆ ಬಂದು ಕೂಡುವ ಬೆಸುಗೆಯ ಮೇಲೆ ಕೂದಲಿನಂಥ ಗೆರೆ ಕಂಡಿತು. ಬಿರುಕು.

ನನ್ನ ಬಾಯಿಂದ ತಟ್ಟನೆ ಬಂತು: "ಮುಗೀತು ಸರ್. ಕಿತ್ತು ಹಾಕೋದೇ."

ಅದು ಕಾಲೇಜು ಕಲಿಸಿದ್ದಲ್ಲ. ರಜೆಯಲ್ಲಿ ಅವ್ವನ ಜೊತೆ ಬೋರರ್ ಹುಡುಕಲು ಹೋಗುತ್ತಿದ್ದೆ. ಕಾಂಡ ಕೊರೆಯುವ ಆ ಹುಳ ಹೊಕ್ಕ ಕಾಫಿ ಗಿಡ ಮೇಲಿಂದ ಹಸಿರಾಗಿಯೇ ಇರುತ್ತದೆ. ನಾರಿನಿಂದ ಕಾಂಡ ಉಜ್ಜಿದಾಗ ತೊಗಟೆಯಲ್ಲಿ ಉಬ್ಬು ಗೆರೆ ಕಂಡರೆ ಎರಡನೇ ಮಾತಿಲ್ಲ. ಬುಡಸಮೇತ ಕಿತ್ತು ಸುಡಬೇಕು, ಇಲ್ಲವಾದರೆ ಪಕ್ಕದ ಗಿಡಕ್ಕೂ ಹತ್ತುತ್ತದೆ. ಕನಿಕರ ತೋರಿಸಿದರೆ ಮೇಸ್ತ್ರಿ ಬೈಯುತ್ತಿದ್ದ.

ಹಿರಿಯರು ನನ್ನ ಕಡೆ ಕುರ್ಚಿ ತಿರುಗಿಸಿದರು. "ಎಂತ ಮಾರಾಯ, ಇದೇನು ನಿಮ್ಮ ಘಟ್ಟದ ಕಾಫಿ ಗಿಡವಾ? ಬಿರುಕು ಪಕ್ಕದ ಕಾಲಿಗೆ ಹಾರ್ತದಾ?"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

"ಇದು ನಿಲ್ಲಲಿಕ್ಕೆ ಆಗುವುದಿಲ್ಲ ಅಂತ ಲೆಕ್ಕದಲ್ಲಿ ತೋರಿಸು," ಅಂದರು ಅವರು. "ತೋರಿಸಿದರೆ ನಾನೇ ಮುಚ್ಚಲಿಕ್ಕೆ ಬರೀತೇನೆ."

ಹಟ ಹಿಡಿದು ಕೂತೆ. ಆ ಅಡ್ಡಕೊಳವೆ ಇಲ್ಲವೇ ಇಲ್ಲ ಎಂದಿಟ್ಟುಕೊಂಡು, ಅತಿ ದೊಡ್ಡ ಅಲೆಯನ್ನು ಕಂಪ್ಯೂಟರಿನಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ಎಬ್ಬಿಸಿದೆ. ಬೀಳಲಿಲ್ಲ. ಎಲ್ಲೋ ತಪ್ಪಿದೆ ಎಂದುಕೊಂಡು ಲೆಕ್ಕವನ್ನು ಮೊದಲಿಂದ ಹಾಕಿದೆ. ಆಗಲೂ ಬೀಳಲಿಲ್ಲ! ಕಟ್ಟಿದವರು ಆ ಕಾಲದಲ್ಲಿ ಸಮುದ್ರಕ್ಕೆ ಹೆದರಿ ಬೇಕಾದ್ದಕ್ಕಿಂತ ದಪ್ಪ ಕಬ್ಬಿಣ ಹಾಕಿದ್ದರು. ಒಂದು ಕೊಳವೆ ಹೋದರೆ ಉಳಿದವು ಭಾರ ಹಂಚಿಕೊಳ್ಳುತ್ತಿದ್ದವು.

ಖುಷಿಯಾಗಬೇಕಿತ್ತು. ಆಗಲಿಲ್ಲ. ಕಿತ್ತು ಹಾಕಿ ಅನ್ನುವುದು ಸುಲಭ, ಆಮೇಲೆ ಯಾರೂ ಅದರ ಮೇಲೆ ನಿಲ್ಲುವುದಿಲ್ಲ. ಇರಲಿ ಅಂದರೆ ಅಷ್ಟು ಜನ ನನ್ನ ಮಾತು ನಂಬಿ ನೀರಿನ ಮೇಲೆ ನಿಲ್ಲಬೇಕು. ಇಷ್ಟು ಓದಿದ್ದು ಇಂಥ ಮಾತು ಹೇಳುವುದಕ್ಕಾ ಎಂದು ದಿಗಿಲಾಯಿತು. ಅವ್ವನಿಗೆ ಫೋನಿನಲ್ಲಿ ಬಿರುಕಿನ ಸುದ್ದಿ ಹೇಳಿದೆ. ಅವಳಂತೂ, "ಹಂಗಾರೆ ಇಳ್ದು ಬಾ" ಅಂದಳು.

ಇಳಿದು ಬರಲಿಲ್ಲ. ಇರಲಿ ಎಂದೇ ಬರೆದು ಸಹಿ ಹಾಕಿದೆ. ಡೈವರ್‌ಗಳು ಬಿರುಕನ್ನು ತುದಿಯವರೆಗೂ ತೇಯ್ದು ನುಣುಪು ಮಾಡಿದರು, ಬೆಳೆಯದಂತೆ. ಸುತ್ತ ದಪ್ಪ ಉಕ್ಕಿನ ಪಟ್ಟಿ ಹಾಕಿ ಬೋಲ್ಟ್ ಬಿಗಿದರು. ಸರ್ಟಿಫಿಕೇಟು ಕೊಡುವ ಸಂಸ್ಥೆಯವರು ನನ್ನ ಲೆಕ್ಕವನ್ನು ಸಾಲು ಸಾಲಾಗಿ ಕೆದಕಿದರು. ಅವರು ಒಪ್ಪುವುದಿಲ್ಲ ಎಂದೇ ನನಗೆ ಒಳಗೊಳಗೆ ಅನ್ನಿಸುತ್ತಿತ್ತು.

ಒಪ್ಪಿದರು. ದಡದ ಆಫೀಸಿನಲ್ಲಿ ಅವರ ಅಧಿಕಾರಿ ಕಾಗದ ಹಿಡಿದು ಎದ್ದು ನಿಂತಾಗ ಹಿರಿಯರು ನನ್ನ ಬೆನ್ನಿಗೆ ಕೈಯಿಟ್ಟು ಮುಂದೆ ನೂಕಿದರು. "ತಗೋ. ಕೀಳಬೇಕು ಅಂದವನೇ ತಗೋಬೇಕು." ಸರ್ಟಿಫಿಕೇಟು ನನ್ನ ಕೈಗೆ ಬಂತು. ಹೊರಗೆ ಬಂದವನೇ ಅವ್ವನಿಗೆ ಫೋನ್ ಹಚ್ಚಿದೆ.

"ಪಾಸಾಯ್ತು ಅವ್ವಾ."

"ನೀನಾ?"

"ಅಲ್ಲ, ಪ್ಲಾಟ್‌ಫಾರ್ಮು. ಸಾಹೇಬ್ರು ಕಾಗದ ಕೊಟ್ರು."

"ಬಿರುಕು ಬಿಟ್ಟಿದೆ ಅಂದಿದ್ಯಲ್ಲ, ಅದಾ?"

"ಅದೇ."



"ಮಗಾ, ಕಾಗದ ಕೊಟ್ರಲ್ಲ ಆ ಸಾಹೇಬ್ರು, ಮಳೆಗಾಲದಲ್ಲಿ ಒಂದಿನ ಅವ್ರನ್ನೇ ಅಲ್ಲಿ ಮಲಗ್ಸು. ಬೆಳಿಗ್ಗೆ ಎದ್ದು ತಿಂಡಿ ಕೇಳಿದ್ರೆ, ಆಮೇಲೆ ನೀನು ಹೋಗು."