ದೂರದ ಗಿಳಿಗೆ ಯಾವ ಕಲ್ಲು

ದಸರಾ ರಜೆಗೆ ಬಂದ ಮೊಮ್ಮಗಳು ಇನ್ನೂ ನಮ್ಮ ಮನೆಯಲ್ಲೇ ಇದ್ದಾಳೆ. ಈ ಮಾತನ್ನು ಇರಕಲ್ಲಗಡದ ಸಂತೆಯಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದೇನೆ, ಕೇಳದವರನ್ನು ನಿಲ್ಲಿಸಿಯೂ ಹೇಳಿದ್ದೇನೆ. ಸಾಲೆಯಲ್ಲಿ ಎರಡನೇ ಇಯತ್ತೆ ದಾಟದ ನಾನು ಈಗ ಬರೆಯಲಿಕ್ಕೂ ಕುಳಿತಿದ್ದೇನೆಂದರೆ ನನ್ನ ಹಿಗ್ಗು ಎಷ್ಟಿರಬೇಕು, ನೀವೇ ತಿಳಿಯಿರಿ.

ಬಂದ ಮರುದಿನವೇ ಅವಳು ತನ್ನೂರು ಗಂಗಾವತಿಗೆ ಹೊರಟು ನಿಂತಿದ್ದಳು.

"ಮುತ್ಯಾ, ಇಲ್ಲಿ ಹೊತ್ತ ಹೋಗವಲ್ದು. ಅಪ್ಪಗ ಫೋನ್ ಮಾಡ್ರಿ, ಸಂಜಿಕ ಬಂದು ಕರ್ಕೊಂಡು ಹೋಗ್ಲಿ."

ಅಳಿಯನಿಗೆ ಫೋನೇನೋ ಮಾಡಿದೆ. ಸಂಜೆಯೊಳಗೆ ಇವಳ ಮನಸ್ಸು ತಿರುಗಿಸಬೇಕಲ್ಲ ಎಂದು ಸೂರ್ಯಕಾಂತಿ ಹೊಲಕ್ಕೆ ಕರೆದೊಯ್ದೆ. ಕಾಳು ಕಟ್ಟಿದ ತೆನೆಗೆ ಗಿಳಿ ಮುತ್ತುವ ಕಾಲ. ಕವಣೆ ಬೀಸಿ ಗಿಳಿ ಓಡಿಸುವುದರಲ್ಲಿ ನನ್ನಂಥವನು ಸುತ್ತಲ ಊರುಗಳಲ್ಲೇ ಇಲ್ಲ ಎಂದು ದಾರಿಯುದ್ದಕ್ಕೂ ಹೇಳಿದೆ. ಬೇರೆ ಯಾರಾದರೂ ಹಾಗೆ ಹೇಳಿದ್ದು ಮಾತ್ರ ನೆನಪಿಲ್ಲ.

ಹೊಲದ ನಡುವೆ ಕಾವಲಿಗೆ ಹಾಕಿದ ಕಟ್ಟಿಗೆಯ ಮಂಚಿಕೆ ಏರಿ ಪಾಠ ಶುರುಮಾಡಿದೆ. "ಹತ್ತರದ ಗಿಳಿಗೆ ಒಣಗಿಸಿದ ಮಣ್ಣಿನ ಉಂಡಿ. ಬೆಳಿಗೆ ಬಡಿದ್ರೂ ಪುಡಿ ಆಗ್ತೈತಿ, ತೆನಿ ಮುರಿಯಂಗಿಲ್ಲ. ಬದುವಿನ ಜಾಲಿ ಗಿಡಕ್ಕ ಲಿಂಬಿಹಣ್ಣಿನಷ್ಟು ಕಲ್ಲು."

"ಆ ದೂರದ ಬೇವಿನ ಗಿಡದಾಗ ಕುಂತಾವಲ್ಲ, ಅವಕ್ಕ?"

ಅಷ್ಟು ದೂರ ನಾನು ಎಂದೂ ಎಸೆದವನಲ್ಲ. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. "ದೂರಕ್ಕ ದಪ್ಪನ್ನ ಕಲ್ಲು ಬೇಕವ್ವ. ತೂಕ ಇದ್ರ ತಾನ ಜೋರು" ಎಂದು ಮೋಸಂಬಿಯಷ್ಟು ಕಲ್ಲನ್ನು ಕವಣೆಗಿಟ್ಟೆ.

ಕೆಳಗೆ ಬುತ್ತಿ ಬಿಚ್ಚುತ್ತಿದ್ದ ನನ್ನ ಹೆಂಡತಿ ತಲೆ ಎತ್ತಿದಳು. "ಬ್ಯಾಡ್ರಿ. ಕಲ್ಲು ಇಲ್ಲೇ ಉಳದು ನೀವು ಹಾರಿ ಹೋಗ್ತೀರಿ."

ಗರಗರ ತಿರುಗಿಸಿದೆ. ಕಲ್ಲಿನ ಭಾರಕ್ಕೆ ತೋಳು ಜಗ್ಗಿ, ಹುರಿ ಬಿಡುವುದು ತಡವಾಯಿತು. ಕಲ್ಲು ಹಿಂದಕ್ಕೆ ಹಾರಿ ನಮ್ಮದೇ ಬೆಳೆಯಲ್ಲಿ ಬಿದ್ದು ಒಳ್ಳೇ ದುಂಡನೆಯ ತೆನೆಯೊಂದರ ಕತ್ತು ಮುರಿಯಿತು. ನಾನು ಮಂಚಿಕೆಯ ಮೇಲೆ ಕುಕ್ಕರಿಸಿದೆ, ರುಮಾಲು ಕೆಳಗೆ ಉರುಳಿತು. ಬೇವಿನ ಗಿಡದ ಗಿಳಿಗಳು ಅಲ್ಲಾಡಲೂ ಇಲ್ಲ.

"ಗಿಳಿಗೆ ಕೈಯಾರೆ ಉಣ್ಣಾಕ ನೀಡಿದ್ರಿ ಬಿಡ್ರಿ" ಎಂದಳು ಹೆಂಡತಿ.

ಮೊಮ್ಮಗಳು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ನಗು ನಿಂತ ಮೇಲೆ, "ಮುತ್ಯಾ, ಎಲ್ಲಾ ನಮೂನಿ ಒಗದು ನೋಡೂಣು" ಎಂದಳು. ಒಗೆದೆವು. ಮಣ್ಣಿನ ಉಂಡೆ ಹಗುರ, ಅರ್ಧ ದಾರಿಗೇ ಸೋತಿತು. ಬೇವಿನ ಗಿಡ ಮುಟ್ಟಿದ್ದು ಲಿಂಬೆಹಣ್ಣಿನಷ್ಟಿದ್ದ ದುಂಡುಕಲ್ಲೇ. ಗಿಳಿಗಳೆಲ್ಲ ಕಿರುಚುತ್ತ ಎದ್ದವು. ತಲೆ ನೆರೆಯುವವರೆಗೂ ಕವಣೆ ಬೀಸಿದವನಿಗೆ ಇದು ಅಂದು ಗೊತ್ತಾಯಿತು. ನನಗಾದ ಖುಷಿಯಲ್ಲಿ ನಾಚಿಕೆಗೆ ಜಾಗವೇ ಇರಲಿಲ್ಲ.

ಒಣ ಉಂಡೆಗಳು ತೀರಿದ್ದವು. ಮೊಮ್ಮಗಳು ಎರೆಮಣ್ಣನ್ನು ರೊಟ್ಟಿ ಹಿಟ್ಟಿನಂತೆ ನಾದಿ, ಶೇಂಗಾ ಉಂಡೆ ಕಟ್ಟುವ ಹಾಗೆ ಕಟ್ಟಿ, ಬುಟ್ಟಿಯಲ್ಲಿ ಹೊತ್ತು ತಂದು ನಮ್ಮ ಅಂಗಳದ ತುಂಬ ಹರವಿದಳು.

ಸಂಜೆ ಅಳಿಯ ಬೈಕಿನಲ್ಲಿ ಬಂದ. "ಚೀಲ ತೊಗೊಂಡು ಬಾರವ್ವ" ಎಂದ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ.

"ಈಗ ಬರಂಗಿಲ್ಲಪ್ಪ. ನನ್ನ ಉಂಡಿ ಇನ್ನಾ ಹಸಿ ಅದಾವ. ಒಣಗಿದ ಮ್ಯಾಲ ಬರ್ತೀನಿ."

"ಯಾವಾಗ ಒಣಗ್ತಾವ ಮಾವಾರ?" ಅಳಿಯ ನನ್ನತ್ತ ತಿರುಗಿದ.

"ಈಗ ಬಿಸಲಿಗೆ ಕಾವಿಲ್ಲಪ್ಪ, ಹೇಳಾಕ ಬರಂಗಿಲ್ಲ" ಎಂದೆ, ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತ. ಅವನು ಚಹಾ ಕುಡಿದು ಒಬ್ಬನೇ ಹೋದ.

ಮರುದಿನ ಕೂಸು ಏಳುವ ಮೊದಲೇ ಅಂಗಳಕ್ಕಿಳಿದು ಚೊಂಬಿನಿಂದ ಉಂಡೆಗಳ ಮೇಲೆ ನೀರು ಚಿಮುಕಿಸುತ್ತಿದ್ದೆ. ತಿರುಗಿ ನೋಡಿದರೆ ಹೊಸ್ತಿಲಲ್ಲಿ ಹೆಂಡತಿ. ಸಿಕ್ಕಿಬಿದ್ದೆ ಎಂದುಕೊಂಡೆ.

"ಆ ಮೂಲ್ಯಾಗಿನವಕ್ಕ ಬಿದ್ದಿಲ್ಲ ನೋಡ್ರಿ" ಎಂದಳು, "ಅತ್ಲಾಗೂ ಒಂದೀಟು ಹಾಕ್ರಿ."